ನ್ಯೂಟನ್ನನ ಶೀತಲೀಕರಣ ನಿಯಮ

ನ್ಯೂಟನ್ನನ ಶೀತಲೀಕರಣ ನಿಯಮವು ಬಿಸಿಯಾದ ವಸ್ತುವೊಂದು ಸುತ್ತಲಿನ ಪರಿಸರಕ್ಕೆ ಶಾಖವನ್ನು ಬಿಟ್ಟುಕೊಡುತ್ತ ತಣಿಯುವ ಬಗೆಯನ್ನು ವಿವರಿಸುವ ಭೌತಶಾಸ್ತ್ರದ ನಿಯಮ. ವಸ್ತುವಿನ ತಾಪಮಾನವು ಇಳಿಯುವ ದರವು ವಸ್ತು ಮತ್ತು ಪರಿಸರಗಳ ತಾಪಮಾನದ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಇದರ ಸಾರ. ತಣ್ಣನೆಯ ವಸ್ತು ಬೆಚ್ಚಗಾಗುವ ಕ್ರಿಯೆಗೂ ಇದೇ ನಿಯಮ ಅನ್ವಯಿಸುತ್ತದೆ. ವ್ಯತ್ಯಾಸದ ಚಿಹ್ನೆ ಮಾತ್ರ ಬದಲಾಗುತ್ತದೆ. ಒಂದನೆಯ ದರ್ಜೆಯ ಅವಕಲ ಸಮೀಕರಣಗಳ ಬಳಕೆಯನ್ನು ಕಲಿಸಲು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಆರಿಸಿಕೊಳ್ಳುವ ಉದಾಹರಣೆಗಳಲ್ಲಿ ಇದೂ ಒಂದು. ಕೈಗಾರಿಕೆ, ಆಹಾರ ಸಂರಕ್ಷಣೆ, ಕಟ್ಟಡಗಳ ವಿನ್ಯಾಸ ಹಾಗೂ ನ್ಯಾಯವೈದ್ಯಶಾಸ್ತ್ರಗಳಲ್ಲಿಯೂ ಇದರ ಬಳಕೆಯುಂಟು.

ನಿಯಮದ ತಿರುಳು ದಿನಬಳಕೆಯ ಅನುಭವಕ್ಕೆ ದೂರವಾದುದಲ್ಲ. ಒಲೆಯಿಂದ ಇಳಿಸಿದ ಕಾಫಿಯು ಮೊದಲ ಕೆಲವು ನಿಮಿಷಗಳಲ್ಲಿ ಬೇಗ ಬೇಗನೆ ಆರುತ್ತದೆ. ಉಗುರುಬೆಚ್ಚಗಾದ ಮೇಲೆ ಪೂರ್ತಿ ತಣ್ಣಗಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಆರುವುದು, ತಣಿಯುವುದು, ತಣ್ಣಗಾಗುವುದು ಎಂದು ಕನ್ನಡದಲ್ಲಿ ಇದಕ್ಕೆ ಮೂರು ಮಾತುಗಳಾದರೂ ಇವೆ. ಪಠ್ಯಪುಸ್ತಕಗಳಲ್ಲಿ ನೆಲೆನಿಂತಿರುವ 'ಶೀತಲೀಕರಣ' ಎಂಬ ಪದವು ಯಂತ್ರದಿಂದ ತಂಪು ಮಾಡುವ ಅರ್ಥವನ್ನೂ ಹೊಂದಿರುವುದರಿಂದ ಕೆಲವರು 'ತಂಪಾಗುವಿಕೆಯ ನಿಯಮ' ಎಂಬ ಹೆಸರನ್ನು ಬಳಸುತ್ತಾರೆ. ಇಲ್ಲಿ ವಸ್ತುವು ತಾನಾಗಿಯೇ ತಣಿಯುತ್ತದೆಯಾದ್ದರಿಂದ ಎರಡನೆಯ ಹೆಸರೇ ಹೆಚ್ಚು ಸರಿಯಾದುದು. ಆದರೆ ರೂಢಿಯು ಮೊದಲನೆಯದರ ಕಡೆಗಿದೆ.

ಇತಿಹಾಸ

ಐಸಾಕ್ ನ್ಯೂಟನ್ 1701ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆಯಲ್ಲಿ ಶಾಖದ ಅಳತೆಗೋಲನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದ. ಲೇಖನದಲ್ಲಿ ಲೇಖಕನ ಹೆಸರಿರಲಿಲ್ಲ. ಆಗ ಅವನು ಇಂಗ್ಲೆಂಡಿನ ಟಂಕಸಾಲೆಯ ಮುಖ್ಯಸ್ಥನಾಗಿದ್ದ. ತಣಿಯುವಿಕೆಯ ನಿಯಮವನ್ನು ಸಾರುವುದು ಅವನ ಮುಖ್ಯ ಉದ್ದೇಶವಾಗಿರಲಿಲ್ಲ. ಹೆಚ್ಚಿನ ತಾಪಮಾನಗಳನ್ನು ಅಳೆಯುವ ಬಗೆ ಹೇಗೆ ಎಂಬುದು ಅವನ ಪ್ರಶ್ನೆಯಾಗಿತ್ತು.

ಅವನ ಬಳಿ ಅಗಸೆ ಎಣ್ಣೆಯನ್ನು ತುಂಬಿದ ತಾಪಮಾಪಕವಿತ್ತು. ಕರಗುವ ಹಿಮದ ತಾಪವನ್ನು 0 ಎಂದೂ ಮನುಷ್ಯದೇಹದ ತಾಪವನ್ನು 12 ಎಂದೂ ಅವನು ಗುರುತಿಸಿಕೊಂಡಿದ್ದ. ಆದರೆ ಕೆಂಪಗೆ ಕಾದ ಕಬ್ಬಿಣವನ್ನು ಎಣ್ಣೆಯ ತಾಪಮಾಪಕದಿಂದ ಅಳೆಯುವುದು ಸಾಧ್ಯವಿಲ್ಲ. ಅದಕ್ಕಾಗಿ ಅವನು ಕಬ್ಬಿಣದ ದಪ್ಪ ತುಂಡೊಂದನ್ನು ಕೆಂಪಗೆ ಕಾಯಿಸಿ, ಗಾಳಿಯು ಒಂದೇ ಸಮನೆ ಬೀಸುವ ತಂಪಾದ ಜಾಗದಲ್ಲಿಟ್ಟು, ಅದರ ಮೇಲೆ ಬೇರೆ ಬೇರೆ ಲೋಹ ಹಾಗೂ ಮಿಶ್ರಲೋಹಗಳ ಚೂರುಗಳನ್ನು ಇರಿಸಿದ. ಕರಗಿದ ಚೂರುಗಳು ಒಂದೊಂದಾಗಿ ಗಟ್ಟಿಯಾಗುವ ಸಮಯಗಳನ್ನು ಬರೆದುಕೊಂಡ. ಸಮಯವು ಸಮಾಂತರ ಶ್ರೇಢಿಯಲ್ಲಿ ಏರಿದಂತೆ ಕಬ್ಬಿಣದ ತಾಪವು ಗುಣೋತ್ತರ ಶ್ರೇಢಿಯಲ್ಲಿ ಇಳಿಯುತ್ತದೆಂದು ಭಾವಿಸಿ, ಆ ಸಮಯಗಳಿಂದ ಲೋಹಗಳು ಕರಗುವ ತಾಪವನ್ನು ಲೆಕ್ಕ ಹಾಕಿದ. ಅಂದರೆ ಇಂದು ನಾವು ನಿಯಮ ಎಂದು ಕರೆಯುವುದು ಅವನಿಗೆ ಅಳತೆಯ ಸಾಧನವಾಗಿತ್ತು. ಲೇಖನದಲ್ಲಿ ಅವಕಲ ಸಮೀಕರಣವೇ ಇಲ್ಲ. ಕಲನಶಾಸ್ತ್ರವನ್ನು ರೂಪಿಸಿದವನೇ ಅದನ್ನು ಇಲ್ಲಿ ಬರೆಯದೆ ಬಿಟ್ಟದ್ದು ವಿಶೇಷ.

ತಾಪಮಾನ ಮತ್ತು ಶಾಖ ಎರಡೂ ಬೇರೆ ಎಂಬ ಅರಿವು ಸ್ಪಷ್ಟಗೊಂಡದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಜೋಸೆಫ್ ಬ್ಲ್ಯಾಕನ ಪ್ರಯೋಗಗಳಿಂದ. 1817ರಲ್ಲಿ ಫ್ರಾನ್ಸಿನ ಡ್ಯೂಲಾಂಗ್ ಮತ್ತು ಪೆಟಿ ತಾಪಮಾನದ ವ್ಯತ್ಯಾಸ ದೊಡ್ಡದಾದಾಗ ನ್ಯೂಟನ್ನನ ನಿಯಮವು ತಪ್ಪುತ್ತದೆಂದು ಪ್ರಯೋಗಗಳಿಂದ ತೋರಿಸಿದರು.

ಸಮೀಕರಣ ಮತ್ತು ಅದರ ಪರಿಹಾರ

ಈ ಲೇಖನದಲ್ಲಿ ವಸ್ತುವಿನ ತಾಪಮಾನವನ್ನು ತ, ಪರಿಸರದ ತಾಪಮಾನವನ್ನು ಪ, ಕಳೆದ ಕಾಲವನ್ನು ಕ, ಆರಂಭದ ತಾಪಮಾನವನ್ನು ತ₀ ಎಂದು ಸೂಚಿಸಲಾಗಿದೆ. ತಾಪಮಾನವು ಕಾಲದೊಂದಿಗೆ ಬದಲಾಗುವ ದರ ತ′. ಆಗ ನಿಯಮವು ಹೀಗಾಗುತ್ತದೆ:

ತ′ = −ಗ × (ತ − ಪ)

ಇಲ್ಲಿ ಗ ಎಂಬುದು ಧನಾತ್ಮಕ ಸ್ಥಿರಾಂಕ. ವಸ್ತುವು ಪರಿಸರಕ್ಕಿಂತ ಬಿಸಿಯಾಗಿದ್ದರೆ ಆವರಣದೊಳಗಿನ ಬೆಲೆ ಧನಾತ್ಮಕ, ಆದುದರಿಂದ ದರ ಋಣಾತ್ಮಕ, ತಾಪಮಾನ ಇಳಿಯುತ್ತದೆ. ವಸ್ತುವು ತಣ್ಣಗಿದ್ದರೆ ಎಲ್ಲವೂ ತಿರುವುಮುರುವಾಗಿ ತಾಪಮಾನ ಏರುತ್ತದೆ. ಆದ್ದರಿಂದ ತಣಿಯುವುದಕ್ಕೊಂದು, ಬೆಚ್ಚಗಾಗುವುದಕ್ಕೊಂದು ಎಂದು ಎರಡು ಸೂತ್ರಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಪರಿಸರದ ತಾಪಮಾನವು ಬದಲಾಗದಿದ್ದರೆ ಸಮೀಕರಣವನ್ನು ಚರಗಳನ್ನು ಬೇರ್ಪಡಿಸುವ ವಿಧಾನದಿಂದ ಬಿಡಿಸಬಹುದು. ಎರಡೂ ಕಡೆ (ತ − ಪ)ದಿಂದ ಭಾಗಿಸಿದರೆ ಎಡಗಡೆ ಉಳಿಯುವ ತ′/(ತ − ಪ) ಎಂಬುದು (ತ − ಪ)ದ ಸಹಜ ಲಘುಗಣಕದ ಬದಲಾವಣೆಯ ದರವೇ ಆಗಿದೆ. ಬಲಗಡೆ −ಗ ಮಾತ್ರ. ಅನುಕಲಿಸಿ, ಕ = 0 ಇದ್ದಾಗ ತ = ತ₀ ಎಂಬ ಆರಂಭಿಕ ಷರತ್ತನ್ನು ಸೇರಿಸಿದರೆ ದೊರೆಯುವ ಪರಿಹಾರ:

ತ = ಪ + (ತ₀ − ಪ) × ಇ^(−ಗ × ಕ)

ಇಲ್ಲಿ ಇ ಎಂಬುದು ಸಹಜ ಲಘುಗಣಕದ ಆಧಾರಸಂಖ್ಯೆ, ಸುಮಾರು 2.718. ಸೂತ್ರದ ಆಕಾರಕ್ಕಿಂತ ಅದು ಹೇಳುವ ಮಾತು ಮುಖ್ಯ: ಸಮಾನ ಅವಧಿಗಳಲ್ಲಿ ವ್ಯತ್ಯಾಸವು ಸಮಾನ ಪ್ರಮಾಣದಲ್ಲಿ ಕುಗ್ಗುತ್ತದೆ, ಸಮಾನ ಡಿಗ್ರಿಗಳಲ್ಲಿ ಅಲ್ಲ. ನ್ಯೂಟನ್ ಹೇಳಿದ ಗುಣೋತ್ತರ ಶ್ರೇಢಿ ಇದೇ. ವ್ಯತ್ಯಾಸವು ಅರ್ಧಕ್ಕಿಳಿಯಲು ಬೇಕಾಗುವ ಕಾಲ 0.693/ಗ. 90 ಡಿಗ್ರಿಯ ನೀರು 30 ಡಿಗ್ರಿಯ ಕೋಣೆಯಲ್ಲಿ 10 ನಿಮಿಷಕ್ಕೆ 60 ಡಿಗ್ರಿಗೆ ಇಳಿದರೆ, 20 ನಿಮಿಷಕ್ಕೆ 45ಕ್ಕೂ 30 ನಿಮಿಷಕ್ಕೆ 37.5ಕ್ಕೂ ಇಳಿಯುತ್ತದೆ. ಲಘುಗಣಕದ ಕೋಷ್ಟಕವಿಲ್ಲದೆಯೇ ಇಷ್ಟನ್ನು ಹೇಳಬಹುದು.

ಸ್ಥಿರಾಂಕ ಗ ವಸ್ತುವಿನ ಮೇಲ್ಮೈ ವಿಸ್ತೀರ್ಣ ಮತ್ತು ಶಾಖ ವರ್ಗಾವಣೆಯ ಗುಣಾಂಕಗಳ ಗುಣಲಬ್ಧವನ್ನು, ವಸ್ತುವಿನ ದ್ರವ್ಯರಾಶಿ ಮತ್ತು ವಿಶಿಷ್ಟ ಶಾಖಗಳ ಗುಣಲಬ್ಧದಿಂದ ಭಾಗಿಸಿದಾಗ ಬರುವ ಬೆಲೆ. ಅಗಲವಾದ ತಟ್ಟೆಗೆ ಸುರಿದ ಸಾರು ಪಾತ್ರೆಯಲ್ಲಿರುವ ಸಾರಿಗಿಂತ ಬೇಗ ಆರುವುದು ವಿಸ್ತೀರ್ಣ ಹೆಚ್ಚಿದ್ದರಿಂದ. ಬೀಸಣಿಗೆಯ ಗಾಳಿಗೆ ಬೇಗ ಆರುವುದು ಗುಣಾಂಕ ಹೆಚ್ಚಿದ್ದರಿಂದ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಸುರಿಯುವಾಗ ಎರಡೂ ಹೆಚ್ಚುವುದರ ಜೊತೆಗೆ ಆವಿಯಾಗುವಿಕೆಯೂ ಸೇರಿಕೊಳ್ಳುತ್ತದೆ.

ಬಿಡಿಸಿದ ಸಮಸ್ಯೆಗಳು

ತಣಿಯುವಿಕೆ: 25 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ 85 ಡಿಗ್ರಿಯ ಪಾನೀಯವು 6 ನಿಮಿಷಗಳಲ್ಲಿ 65 ಡಿಗ್ರಿಗೆ ಇಳಿಯಿತು. ಅದು 45 ಡಿಗ್ರಿಗೆ ಇಳಿಯಲು ಆರಂಭದಿಂದ ಎಷ್ಟು ಕಾಲ ಬೇಕು? ಆರು ನಿಮಿಷಕ್ಕೆ 20 ಡಿಗ್ರಿಯಾದರೆ 40 ಡಿಗ್ರಿಗೆ 12 ನಿಮಿಷ ಎಂದು ತ್ರೈರಾಶಿಯಿಂದ ಉತ್ತರಿಸುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ನಿಯಮದ ಪ್ರಕಾರ ನೋಡಬೇಕಾದುದು ವ್ಯತ್ಯಾಸವನ್ನು: ಅದು 60ರಿಂದ 40ಕ್ಕೆ ಇಳಿದಿದೆ, ಅಂದರೆ ಮೂರರಲ್ಲಿ ಎರಡು ಪಾಲು ಉಳಿದಿದೆ. ಆದ್ದರಿಂದ ಗ = ಲಾಗ್(1.5)/6 = 0.4055/6, ಸುಮಾರು ನಿಮಿಷಕ್ಕೆ 0.0676. 45 ಡಿಗ್ರಿಯಲ್ಲಿ ವ್ಯತ್ಯಾಸ 20, ಅಂದರೆ ಮೊದಲಿನ ಮೂರನೆಯ ಒಂದು ಪಾಲು. ಬೇಕಾದ ಕಾಲ ಲಾಗ್(3)/ಗ, ಅಂದರೆ ಸುಮಾರು 16.3 ನಿಮಿಷ. ಹನ್ನೆರಡನೆಯ ನಿಮಿಷದಲ್ಲಿ ಪಾನೀಯವು ಇನ್ನೂ 51.7 ಡಿಗ್ರಿಯಲ್ಲಿರುತ್ತದೆ.

ಬೆಚ್ಚಗಾಗುವಿಕೆ: ರೆಫ್ರಿಜರೇಟರಿನಿಂದ ತೆಗೆದ 5 ಡಿಗ್ರಿಯ ಹಾಲನ್ನು 29 ಡಿಗ್ರಿಯ ಅಡುಗೆಮನೆಯಲ್ಲಿಟ್ಟಾಗ 10 ನಿಮಿಷಕ್ಕೆ 11 ಡಿಗ್ರಿಯಾಯಿತು. ವ್ಯತ್ಯಾಸ 24ರಿಂದ 18ಕ್ಕೆ, ಮುಕ್ಕಾಲು ಪಾಲಿಗೆ ಇಳಿದಿದೆ. ಇನ್ನು ಹತ್ತು ನಿಮಿಷಕ್ಕೆ ಅದು 13.5 ಆಗಿ ಹಾಲು 15.5 ಡಿಗ್ರಿಗೆ ಏರುತ್ತದೆ. 23 ಡಿಗ್ರಿಗೆ ಏರಲು ವ್ಯತ್ಯಾಸವು ಕಾಲು ಪಾಲಾಗಬೇಕು. ಲಾಗ್(4)ನ್ನು ನಿಮಿಷಕ್ಕೆ 0.02877 ಎಂಬ ಗ ಬೆಲೆಯಿಂದ ಭಾಗಿಸಿದರೆ ಸುಮಾರು 48 ನಿಮಿಷ. ಅಲ್ಲಿಂದ 26 ಡಿಗ್ರಿಗೆ, ಬರಿಯ ಮೂರು ಡಿಗ್ರಿ ಏರಲು, ಮತ್ತೆ 24 ನಿಮಿಷ ಬೇಕು. ಸೂತ್ರದ ಪ್ರಕಾರ ಹಾಲು ಎಂದಿಗೂ ಸರಿಯಾಗಿ 29 ಡಿಗ್ರಿಯನ್ನು ಮುಟ್ಟುವುದಿಲ್ಲ. ತಾಪಮಾಪಕಕ್ಕೆ ಕಾಣದಷ್ಟು ಹತ್ತಿರ ಬರುತ್ತದೆ, ಅಷ್ಟೆ.

ಪರಿಸರದ ತಾಪಮಾನ ತಿಳಿಯದಿದ್ದಾಗ: ಸಮಾನ ಅವಧಿಗಳಲ್ಲಿ ತೆಗೆದ ಮೂರು ಅಳತೆಗಳಿದ್ದರೆ ಸಾಕು. ಮೂರು ವ್ಯತ್ಯಾಸಗಳು ಗುಣೋತ್ತರ ಶ್ರೇಢಿಯಲ್ಲಿರುವುದರಿಂದ ನಡುವಣದರ ವರ್ಗವು ಮೊದಲನೆಯ ಮತ್ತು ಕೊನೆಯ ವ್ಯತ್ಯಾಸಗಳ ಗುಣಲಬ್ಧಕ್ಕೆ ಸಮ. ಅಳತೆಗಳು 80, 62, 50 ಆಗಿದ್ದರೆ (62 − ಪ)² = (80 − ಪ) × (50 − ಪ). ಎರಡೂ ಕಡೆಯ ಪ² ಹೊಡೆದುಹೋಗಿ 6 × ಪ = 156, ಅಂದರೆ ಪ = 26 ಡಿಗ್ರಿ. ವ್ಯತ್ಯಾಸಗಳು 54, 36, 24 ಆಗುವುದನ್ನು ತಾಳೆ ನೋಡಬಹುದು. ಪಠ್ಯಪುಸ್ತಕಗಳಲ್ಲಿ ಅಪರೂಪವಾಗಿ ಕಾಣುವ ಈ ಸಮಸ್ಯೆ ನಿಯಮದ ಅರ್ಥವನ್ನು ಉಳಿದೆರಡಕ್ಕಿಂತ ಚೆನ್ನಾಗಿ ತಿಳಿಸುತ್ತದೆ.

ಕಾಫಿಗೆ ತಣ್ಣನೆಯ ಹಾಲನ್ನು ಮೊದಲೇ ಬೆರೆಸಿ ಹತ್ತು ನಿಮಿಷ ಕಾಯಬೇಕೋ ಅಥವಾ ಕಾಯ್ದು ಬೆರೆಸಬೇಕೋ, ಯಾವುದು ಹೆಚ್ಚು ಬಿಸಿಯಾಗಿ ಉಳಿಯುತ್ತದೆ ಎಂಬುದೂ ಪ್ರಸಿದ್ಧ ಪ್ರಶ್ನೆ. ಮೊದಲೇ ಬೆರೆಸಿದುದು ಎಂಬುದು ಉತ್ತರ: ಬೆರೆಸಿದೊಡನೆ ವ್ಯತ್ಯಾಸ ಕಡಿಮೆಯಾಗುತ್ತದೆ, ದ್ರವ್ಯರಾಶಿ ಹೆಚ್ಚಿ ಗ ಬೆಲೆಯೂ ಇಳಿಯುತ್ತದೆ. ಡಿಕಾಕ್ಷನ್ನಿಗೆ ಕುದಿಯುವ ಹಾಲನ್ನೇ ಬೆರೆಸುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಮರಣಕಾಲದ ಅಂದಾಜು

ಈ ನಿಯಮದ ಬಳಕೆಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು, ಹಾಗೆಯೇ ಹೆಚ್ಚು ಎಚ್ಚರಿಕೆಯನ್ನು ಬೇಡುವುದು, ಮೃತದೇಹದ ತಾಪಮಾನದಿಂದ ಸಾವಿನ ವೇಳೆಯನ್ನು ಅಂದಾಜು ಮಾಡುವುದು. ಆರೋಪಿಯೊಬ್ಬನು ಆ ವೇಳೆಯಲ್ಲಿ ಎಲ್ಲಿದ್ದ ಎಂಬುದರ ಮೇಲೆ ಮೊಕದ್ದಮೆ ನಿಂತಿರುವಾಗ ಅರ್ಧ ಗಂಟೆಯ ವ್ಯತ್ಯಾಸವೂ ಒಬ್ಬನ ಬದುಕನ್ನು ನಿರ್ಧರಿಸಬಲ್ಲದು.

ಪಠ್ಯಪುಸ್ತಕದ ಮಾದರಿಯ ಸಮಸ್ಯೆ ಹೀಗಿರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ದೊರೆತ ದೇಹದ ತಾಪಮಾನ ಬೆಳಿಗ್ಗೆ 6 ಗಂಟೆಗೆ 31.0 ಡಿಗ್ರಿ, 7 ಗಂಟೆಗೆ 30.1 ಡಿಗ್ರಿ. ಬದುಕಿದ್ದಾಗ ತಾಪಮಾನ 37 ಡಿಗ್ರಿ ಎಂದಿಟ್ಟುಕೊಂಡರೆ ಸಾವು ಸಂಭವಿಸಿದ್ದು ಯಾವಾಗ? ಒಂದು ಗಂಟೆಯಲ್ಲಿ ವ್ಯತ್ಯಾಸ 6ರಿಂದ 5.1ಕ್ಕೆ ಇಳಿದಿದೆ; ಗ = ಲಾಗ್(6/5.1), ಅಂದರೆ ಗಂಟೆಗೆ 0.1625. ವ್ಯತ್ಯಾಸವು 12ರಿಂದ 6ಕ್ಕೆ ಇಳಿಯಲು 0.6931/0.1625, ಅಂದರೆ 4 ಗಂಟೆ 16 ನಿಮಿಷ ಬೇಕು. ಸಾವಿನ ವೇಳೆ ರಾತ್ರಿ 1 ಗಂಟೆ 44 ನಿಮಿಷ.

ಉತ್ತರವು ನಿಮಿಷದವರೆಗೆ ಖಚಿತವಾಗಿ ಕಂಡರೂ ಅದರ ಬುನಾದಿ ಅಷ್ಟು ಗಟ್ಟಿಯಲ್ಲ. ಎರಡನೆಯ ಅಳತೆ 30.1ರ ಬದಲು 30.2 ಎಂದು ಬಂದಿದ್ದರೆ, ಅಂದರೆ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿನಷ್ಟು ವ್ಯತ್ಯಾಸವಾಗಿದ್ದರೆ, ಲೆಕ್ಕವು 4 ಗಂಟೆ 51 ನಿಮಿಷ ಎಂದಾಗಿ ಸಾವಿನ ವೇಳೆ 35 ನಿಮಿಷ ಹಿಂದಕ್ಕೆ ಸರಿಯುತ್ತದೆ. ಮೃತನಿಗೆ ಜ್ವರವಿದ್ದು ಆರಂಭದ ತಾಪಮಾನ 38 ಡಿಗ್ರಿ ಆಗಿದ್ದರೆ 4 ಗಂಟೆ 45 ನಿಮಿಷ. ರಾತ್ರಿಯೆಲ್ಲ ಕೋಣೆ 25 ಡಿಗ್ರಿಯಲ್ಲಿಯೇ ಇತ್ತೆಂಬುದಕ್ಕೂ ಪ್ರಮಾಣ ಬೇಕು. ಕಿಟಕಿ ತೆರೆದಿತ್ತೆ, ಫ್ಯಾನು ತಿರುಗುತ್ತಿತ್ತೆ, ದೇಹವು ತಣ್ಣನೆಯ ನೆಲದ ಮೇಲಿತ್ತೆ, ಕಂಬಳಿ ಹೊದೆದಿತ್ತೆ ಎಂಬ ಪ್ರತಿಯೊಂದು ಸಂಗತಿಯೂ ಗ ಬೆಲೆಯನ್ನು ಬದಲಿಸುತ್ತದೆ.

ಇದಕ್ಕಿಂತ ಮೂಲಭೂತವಾದ ತೊಡಕೊಂದಿದೆ. ದೇಹದ ಒಳಭಾಗವು ಸಾವಿನ ಕೂಡಲೇ ತಣಿಯಲಾರಂಭಿಸುವುದಿಲ್ಲ. ಮೊದಲು ಚರ್ಮ ತಣಿದು, ಒಳಗಿನ ಶಾಖವು ಹೊರಕ್ಕೆ ಹರಿಯುವ ಹಾದಿ ಏರ್ಪಡಬೇಕು. ಅಲ್ಲಿಯವರೆಗೆ ಒಳಗಿನ ತಾಪಮಾನ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹೀಗಾಗಿ ತಣಿಯುವಿಕೆಯ ರೇಖೆಯು ಸರಳ ಘಾತೀಯ ರೇಖೆಯಾಗಿರದೆ ಆರಂಭದಲ್ಲಿ ಸಮತಟ್ಟಾಗಿದ್ದು ಅನಂತರ ಬಾಗುತ್ತದೆ. ಸರಳ ಸೂತ್ರವು ಈ ಸಮತಟ್ಟಿನ ಕಾಲವನ್ನು ಲೆಕ್ಕಕ್ಕೆ ಹಿಡಿಯದೆ, ಸಾವಿನಿಂದ ಕಳೆದ ಕಾಲವನ್ನು ಕಡಿಮೆ ಮಾಡಿ ಹೇಳುತ್ತದೆ. 1962ರಲ್ಲಿ ಮಾರ್ಷಲ್ ಮತ್ತು ಹೋರ್ ಎಂಬ ಸಂಶೋಧಕರು ಒಂದರ ಬದಲು ಎರಡು ಘಾತೀಯ ಪದಗಳಿರುವ ಸೂತ್ರವನ್ನು ಮುಂದಿಟ್ಟರು. ಮುಂದೆ ಜರ್ಮನಿಯ ಹೆನ್ಸ್‌ಗೆ ದೇಹತೂಕ, ಉಡುಪು ಮತ್ತು ಪರಿಸರಗಳನ್ನು ಸೇರಿಸಿಕೊಂಡು ರೂಪಿಸಿದ ನಕ್ಷೆಗಳು ಇದೇ ಸೂತ್ರದ ಮೇಲೆ ನಿಂತಿವೆ. ಇವು ಕೂಡ ಒಂದು ನಿಮಿಷವನ್ನಲ್ಲ, ಗಂಟೆಗಳ ಅಂತರವನ್ನು ಉತ್ತರವಾಗಿ ಕೊಡುತ್ತವೆ. ಪರಿಸರದ ತಾಪಮಾನವೇ 37 ಡಿಗ್ರಿಯ ಸಮೀಪವಿರುವ ಬೇಸಿಗೆಯಲ್ಲಿ, ರಾಯಚೂರು ಕಲಬುರಗಿಗಳ ಮೇ ತಿಂಗಳ ಹಗಲಿನಲ್ಲಿ, ತಣಿಯುವುದಕ್ಕೆ ವ್ಯತ್ಯಾಸವೇ ಇರುವುದಿಲ್ಲವಾದ್ದರಿಂದ ಈ ವಿಧಾನವು ನಿರುಪಯುಕ್ತವಾಗುತ್ತದೆ. ಪಠ್ಯಪುಸ್ತಕಗಳು ಈ ಸಮಸ್ಯೆಯನ್ನು ಪತ್ತೇದಾರಿ ಕತೆಯಂತೆ ಹೇಳಿ ಒಂದೇ ಉತ್ತರದೊಡನೆ ಮುಗಿಸುವುದು ಗಣಿತಕ್ಕೂ ಕಾನೂನಿಗೂ ನ್ಯಾಯವಲ್ಲ.

ನಿಯಮದ ಮಿತಿಗಳು

ವಸ್ತುವಿನ ಒಳಗೆಲ್ಲ ಒಂದೇ ತಾಪಮಾನವಿದೆ ಎಂಬುದು ನಿಯಮದ ಮೊದಲ ಊಹೆ. ಕಲಕುತ್ತಿರುವ ನೀರಿಗೆ ಅಥವಾ ಚಿಕ್ಕ ಲೋಹದ ತುಂಡಿಗೆ ಇದು ಸಲ್ಲುತ್ತದೆ. ದೊಡ್ಡ ರಾಗಿಮುದ್ದೆಗೆ ಸಲ್ಲುವುದಿಲ್ಲ: ಹೊರಮೈ ಕೈಗೆ ಹಿತವಾಗಿದ್ದರೂ ಮುರಿದರೆ ಒಳಗೆ ಬೆರಳು ಸುಡುತ್ತದೆ. ಒಳಗಿನ ವಹನಕ್ಕೆ ಇರುವ ಅಡ್ಡಿಯನ್ನು ಮೇಲ್ಮೈಯಿಂದ ಹೊರಗೆ ಹೋಗಲು ಇರುವ ಅಡ್ಡಿಯೊಡನೆ ಹೋಲಿಸುವ ಬಯೋ ಸಂಖ್ಯೆಯು 0.1ಕ್ಕಿಂತ ಕಡಿಮೆಯಿದ್ದರೆ ನಿಯಮವನ್ನು ಬಳಸಬಹುದೆಂದು ಎಂಜಿನಿಯರುಗಳ ರೂಢಿ. ಅದಕ್ಕಿಂತ ಹೆಚ್ಚಿದ್ದರೆ 1822ರಲ್ಲಿ ಫೂರಿಯೇ ತನ್ನ ಗ್ರಂಥದಲ್ಲಿ ವಿವರಿಸಿದ ಶಾಖವಹನದ ಸಮೀಕರಣಕ್ಕೆ ಮೊರೆಹೋಗಬೇಕು.

ಎರಡನೆಯದು ವಿಕಿರಣ. 1879ರಲ್ಲಿ ಸ್ಟೆಫಾನ್ ಕಂಡುಕೊಂಡಂತೆ ವಸ್ತುವು ವಿಕಿರಣದಿಂದ ಕಳೆದುಕೊಳ್ಳುವ ಶಾಖವು ಕೆಲ್ವಿನ್ ತಾಪಮಾನದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ವ್ಯತ್ಯಾಸ ಚಿಕ್ಕದಾಗಿದ್ದಾಗ ನಾಲ್ಕನೆಯ ಘಾತಗಳ ವ್ಯತ್ಯಾಸವು ತಾಪಮಾನಗಳ ವ್ಯತ್ಯಾಸಕ್ಕೆ ಅನುಪಾತದಲ್ಲಿರುವಂತೆಯೇ ವರ್ತಿಸುತ್ತದೆ. 300 ಕೆಲ್ವಿನ್ ಪರಿಸರದಲ್ಲಿ 310 ಕೆಲ್ವಿನ್ ವಸ್ತುವಿಗೆ ಈ ಅಂದಾಜಿನ ತಪ್ಪು ಶೇಕಡಾ 5ರಷ್ಟು, 330 ಕೆಲ್ವಿನ್ ವಸ್ತುವಿಗೆ ಶೇಕಡಾ 16ರಷ್ಟು. 1000 ಕೆಲ್ವಿನ್ನಿನ ಕೆಂಪು ಕಬ್ಬಿಣಕ್ಕಾದರೋ ನಿಜವಾದ ವಿಕಿರಣವು ಅಂದಾಜಿನ ಸುಮಾರು 13 ಪಟ್ಟು. ನ್ಯೂಟನ್ ತನ್ನ ನಿಯಮವನ್ನು ಬಳಸಿದ್ದು ಅಂಥ ಕಬ್ಬಿಣದ ಮೇಲೆಯೇ. ಆದರೆ ಬೀಸುವ ಗಾಳಿಯಲ್ಲಿಟ್ಟದ್ದು ಜಾಣತನ: ಬಲವಾದ ಗಾಳಿಯಿಂದ ನಡೆಯುವ ಸಂವಹನವು ನಿಯಮವನ್ನು ಚೆನ್ನಾಗಿ ಪಾಲಿಸುತ್ತದೆ. ನಿಂತ ಗಾಳಿಯಲ್ಲಿ, ಬಿಸಿಗಾಳಿಯು ತಾನಾಗಿ ಮೇಲೇಳುವ ಸಂವಹನದಲ್ಲಿ, ಶಾಖನಷ್ಟವು ಸುಮಾರಾಗಿ ವ್ಯತ್ಯಾಸದ 5/4ನೆಯ ಘಾತದಂತೆ ಏರುತ್ತದೆ.

ಮೂರನೆಯದು ಸ್ಥಿತಿ ಬದಲಾವಣೆ. ಕರಗಿದ ವಸ್ತು ಹೆಪ್ಪುಗಟ್ಟುವಾಗ ಗುಪ್ತಶಾಖ ಹೊರಬರುವುದರಿಂದ ತಾಪಮಾನವು ಕೆಲಕಾಲ ಇಳಿಯದೆ ನಿಲ್ಲುತ್ತದೆ. ಆವಿಯಾಗುವಿಕೆಯದು ಇದಕ್ಕೆ ವಿರುದ್ಧವಾದ ಪರಿಣಾಮ. ನಿಯಮದ ಪ್ರಕಾರ ಯಾವ ವಸ್ತುವೂ ಪರಿಸರಕ್ಕಿಂತ ತಣ್ಣಗಾಗಲಾರದು. ಮಣ್ಣಿನ ಹೂಜಿಯ ನೀರು ಕೋಣೆಗಿಂತ ತಂಪಾಗಿರುತ್ತದೆ. ಹೂಜಿಯ ಮೈಯಿಂದ ಜಿನುಗಿ ಆವಿಯಾಗುವ ನೀರು ಒಯ್ಯುವ ಶಾಖಕ್ಕೆ ನ್ಯೂಟನ್ನನ ಸಮೀಕರಣದಲ್ಲಿ ಸ್ಥಾನವಿಲ್ಲ.

ಬದಲಾಗುವ ಪರಿಸರ ಮತ್ತು ಒಳಗಿನ ಶಾಖಮೂಲ

ಪರಿಸರದ ತಾಪಮಾನವೇ ಕಾಲದೊಂದಿಗೆ ಬದಲಾದರೆ ಚರಗಳನ್ನು ಬೇರ್ಪಡಿಸಲಾಗದು; ಸಮೀಕರಣವನ್ನು ತ′ + ಗ × ತ = ಗ × ಪ ಎಂದು ಬರೆದು ಅನುಕಲನ ಗುಣಕವಾದ ಇ^(ಗ × ಕ)ದಿಂದ ಗುಣಿಸಬೇಕು. ಪರಿಸರವು ಒಂದೇ ದರದಲ್ಲಿ ಏರುತ್ತಿದ್ದರೆ, ಆರಂಭದ ಪ್ರಭಾವ ಅಳಿದ ಮೇಲೆ ವಸ್ತುವೂ ಅದೇ ದರದಲ್ಲಿ ಏರುತ್ತದೆ, ಆದರೆ ಏರಿಕೆಯ ದರವನ್ನು ಗ ಬೆಲೆಯಿಂದ ಭಾಗಿಸಿದಷ್ಟು ಡಿಗ್ರಿ ಹಿಂದುಳಿದಿರುತ್ತದೆ. ಗಂಟೆಗೆ 2 ಡಿಗ್ರಿ ಏರುವ ಗಾಳಿಯಲ್ಲಿ ಗ = 0.25 ಇರುವ ವಸ್ತು 8 ಡಿಗ್ರಿ ಹಿಂದಿರುತ್ತದೆ. ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಗಳು ನಡುಹಗಲಿನಲ್ಲಿ ತಂಪಾಗಿರುವುದಕ್ಕೆ ಈ ಹಿಂದುಳಿಯುವಿಕೆ ಒಂದು ಕಾರಣ.

ವಸ್ತುವಿನೊಳಗೆ ಶಾಖಮೂಲವಿದ್ದರೆ ಬಲಗಡೆಗೆ ಇನ್ನೊಂದು ಸ್ಥಿರಪದ ಸೇರುತ್ತದೆ. ಆಗ ತಾಪಮಾನವು ಪರಿಸರಕ್ಕೆ ಇಳಿಯದೆ, ಒಳಬರುವ ಮತ್ತು ಹೊರಹೋಗುವ ಶಾಖಗಳು ಸಮನಾಗುವ ಎತ್ತರದಲ್ಲಿ ನಿಲ್ಲುತ್ತದೆ. ಮೋಟಾರು, ಟ್ರಾನ್ಸ್‌ಫಾರ್ಮರುಗಳ ಬಿಸಿಯೇರಿಕೆಯನ್ನು ಹೀಗೆ ಲೆಕ್ಕ ಹಾಕುತ್ತಾರೆ.

ಬೋಧನೆಯಲ್ಲಿ

ಪದವಿಪೂರ್ವ ತರಗತಿಗಳ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕ್ಯಾಲರಿಮಾಪಕದಲ್ಲಿರುವ ಬಿಸಿನೀರನ್ನು ಕಲಕುತ್ತ ತಾಪಮಾನವನ್ನು ನಿಮಿಷ ನಿಮಿಷಕ್ಕೂ ಗುರುತಿಸಿಕೊಳ್ಳುವ ಪ್ರಯೋಗವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದ ಗಣಿತದಲ್ಲಿಯೂ ಈ ನಿಯಮದ ಸಮಸ್ಯೆಗಳು ಬಂದಿವೆ. ಪ್ರಯೋಗದಲ್ಲಿ ತಾಪಮಾನವನ್ನು ಕಾಲದೆದುರು ಗುರುತಿಸಿದರೆ ಬಾಗಿದ ರೇಖೆಯೂ, ವ್ಯತ್ಯಾಸದ ಲಘುಗಣಕವನ್ನು ಗುರುತಿಸಿದರೆ ಇಳಿಜಾರಿನ ಸರಳರೇಖೆಯೂ ದೊರೆಯುತ್ತವೆ. ಸಹಜ ಲಘುಗಣಕವನ್ನು ಬಳಸಿದ್ದರೆ ಆ ಇಳಿಜಾರೇ ಗ. ಮೊದಲ ಕೆಲವು ಬಿಂದುಗಳು ಸರಳರೇಖೆಯಿಂದ ತುಸು ಹೊರಗೆ ಬೀಳುವುದುಂಟು. ಅತಿ ಬಿಸಿನೀರಿನಿಂದ ಆವಿಯು ಹೆಚ್ಚಾಗಿ ಏಳುವುದು ಇದಕ್ಕೆ ಮುಖ್ಯ ಕಾರಣ. ಕ್ಯಾಲರಿಮಾಪಕಕ್ಕೆ ಮುಚ್ಚಳ ಹಾಕಿದರೆ ಅವು ರೇಖೆಗೆ ಹತ್ತಿರವಾಗುತ್ತವೆ.